ಡೀಸೆಲ್ ಪಿಕಪ್ ಸ್ಟಾರ್ಟ್ ಆಗದಿದ್ದಾಗ: ಮೊದಲ ಸೆಲ್ಫ್‌ನಲ್ಲೇ ಕಾರಣ ಹಿಡಿಯುವ ಬಗೆ

ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಹೇರಿಕೊಂಡು ಹೊರಡಬೇಕಾದ ಪಿಕಪ್ ಬೆಳಗಿನ ಜಾವ ಸ್ಟಾರ್ಟ್ ಆಗಲಿಲ್ಲ ಎಂದರೆ ಮೊದಲ ಕಾಲು ಗಂಟೆ ನಡೆಯುವುದು ಹೆಚ್ಚುಕಡಿಮೆ ಒಂದೇ ಕೆಲಸ. ಬ್ಯಾಟರಿ ಇಳಿಯುವ ತನಕ ಸೆಲ್ಫ್ ಹೊಡೆಯುತ್ತಾರೆ. ಆಮೇಲೆ ನಾಲ್ಕು ಜನ ಸೇರಿ ತಳ್ಳುತ್ತಾರೆ. ಅದೂ ಆಗದಿದ್ದರೆ ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಅದ್ದಿದ ಬಟ್ಟೆ ಹಿಡಿಯುತ್ತಾರೆ. ಮೆಕ್ಯಾನಿಕ್ ಬರುವ ಹೊತ್ತಿಗೆ ಒಂದು ತೊಂದರೆ ಇದ್ದದ್ದು ಮೂರಾಗಿರುತ್ತದೆ: ಬ್ಯಾಟರಿ ಸತ್ತಿರುತ್ತದೆ, ಸೆಲ್ಫ್ ಮೋಟಾರ್ ಕಾದು ಕೆಂಡವಾಗಿರುತ್ತದೆ, ಮೂಲ ಕಾರಣ ಹಾಗೇ ಉಳಿದಿರುತ್ತದೆ.

ಡೀಸೆಲ್ ಎಂಜಿನ್‌ಗೆ ಕಿಡಿ ಬೇಡ. ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಒತ್ತಿ 500 ಡಿಗ್ರಿಯ ಆಸುಪಾಸಿಗೆ ಬಿಸಿ ಮಾಡುತ್ತದೆ, ಆ ಬಿಸಿಗೆ ನೋಜಲ್‌ನಿಂದ ಸಿಡಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಹಾಗಾಗಿ ಬೇಕಾದ್ದು ಮೂರೇ: ಸಾಕಷ್ಟು ವೇಗದಲ್ಲಿ ತಿರುಗುವ ಎಂಜಿನ್, ಗಾಳಿ ಸೇರದ ಚೊಕ್ಕ ಡೀಸೆಲ್, ಅಡ್ಡಿಯಿಲ್ಲದ ಗಾಳಿ. ಒಂದೇ ಕೊಳವೆಯಲ್ಲಿ (ರೈಲ್) ಭಾರಿ ಒತ್ತಡದ ಡೀಸೆಲ್ ತುಂಬಿಟ್ಟು ಕಂಪ್ಯೂಟರ್ ಲೆಕ್ಕದಲ್ಲಿ ನೋಜಲ್‌ಗಳಿಗೆ ಬಿಡುವ ಕಾಮನ್ ರೈಲ್ ಗಾಡಿಯಾದರೆ ನಾಲ್ಕನೆಯದು ಇಸಿಯು, ಅಂದರೆ ಆ ಕಂಪ್ಯೂಟರ್, ಮತ್ತು ಅದರ ಸೆನ್ಸರ್‌ಗಳು. ಯಾವುದು ತಪ್ಪಿದೆ ಎಂಬುದನ್ನು ಮೊದಲ ಸೆಲ್ಫ್ ಹೇಳಿಬಿಡುತ್ತದೆ, ಆದರೆ ಕಿವಿ ಮತ್ತು ಕಣ್ಣು ಎರಡೂ ಅಲ್ಲಿರಬೇಕು.

ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕ್ಲಚ್ ಪೂರ್ತಿ ಒತ್ತಿ. ಕ್ಲಚ್ ಒತ್ತದಿದ್ದರೆ ಸೆಲ್ಫ್ ಕೊಡದ ಗಾಡಿಗಳೂ ಇವೆ. ಹೆಡ್‌ಲೈಟ್ ಹಾಕಿ. ಒಬ್ಬರು ಒಳಗೆ ಕೂತು ಹತ್ತು ಸೆಕೆಂಡು ಮೀರದಂತೆ ಒಂದೇ ಸಲ ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಹಿಂದೆ ನಿಂತು ಸೈಲೆನ್ಸರ್ ನೋಡಲಿ. ಮತ್ತೆ ಹೊಡೆಯಬೇಕಾದರೆ ಒಂದು ನಿಮಿಷ ಬಿಡಿ.

ಸೆಲ್ಫ್ ತಿರುಗುತ್ತಿಲ್ಲ, ಇಲ್ಲವೇ ಎಳೆದೆಳೆದು ತಿರುಗುತ್ತಿದೆ

ಟಕ ಟಕ ಟಕ ಎಂದು ಬೇಗ ಬೇಗ ಬಡಿದು ಹೆಡ್‌ಲೈಟ್ ಮಂಕಾದರೆ ಬ್ಯಾಟರಿ ಇಳಿದಿದೆ ಅಥವಾ ಟರ್ಮಿನಲ್ ಸಡಿಲವಾಗಿದೆ. ಒಂದೇ ಒಂದು ಗಟ್ಟಿ 'ಟಕ್' ಬಂದು ಸುಮ್ಮನಾದರೆ, ಲೈಟೂ ಅಷ್ಟಾಗಿ ಮಂಕಾಗದಿದ್ದರೆ, ಸೆಲ್ಫ್ ಮೋಟಾರ್ ಒಳಗೆ ಕರೆಂಟ್ ದಾಟಿಸುವ ಕಾರ್ಬನ್ (ಬ್ರಷ್) ಸವೆದಿರಬಹುದು, ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ಸೊಲೆನಾಯ್ಡ್‌ನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು. ಶಬ್ದವೇ ಇಲ್ಲ, ಲೈಟ್ ಮಾತ್ರ ಝಗಮಗ ಉರಿಯುತ್ತಿದೆ ಎಂದರೆ ಸೊಲೆನಾಯ್ಡ್‌ಗೆ ಹೋಗುವ ಸಣ್ಣ ವೈರ್‌ಗೆ ಕರೆಂಟ್ ಬರುತ್ತಿಲ್ಲ: ಕೀ ಸ್ವಿಚ್, ಫ್ಯೂಸ್, ಸೆಲ್ಫ್ ರಿಲೇ, ಕ್ಲಚ್ ಸ್ವಿಚ್ ನೋಡಬೇಕು. ರಿಲೇ ಬಗ್ಗೆ ಅನುಮಾನವಿದ್ದರೆ ಅದೇ ಡಬ್ಬಿಯಲ್ಲಿ ಅದೇ ನಂಬರಿನ ಹಾರ್ನ್ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಿ. ಕಾಸು ಖರ್ಚಿಲ್ಲದ ಪರೀಕ್ಷೆ.

ಗಾಡಿಯಲ್ಲಿ ಒಂದು ಸಾದಾ ಮಲ್ಟಿಮೀಟರ್ ಇರಲೇಬೇಕು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಖಾಲಿಯೇ. ಆದರೆ ಇಷ್ಟಕ್ಕೇ ನಂಬಬೇಡಿ. 12.5 ತೋರಿಸಿ, ಸೆಲ್ಫ್ ಹೊಡೆದ ಕೂಡಲೇ 7ಕ್ಕೆ ಬೀಳುವ ಬ್ಯಾಟರಿಗಳು ಬೇಕಾದಷ್ಟಿವೆ; ಒಳಗೆ ಸೆಲ್ ಸೋತಿರುತ್ತದೆ. ಸೆಲ್ಫ್ ತಿರುಗುತ್ತಿರುವಾಗ ಮೀಟರ್ 9.6ಕ್ಕಿಂತ ಕೆಳಗಿಳಿಯಬಾರದು. ನಮ್ಮ ಬಯಲುಸೀಮೆಯ ಹವೆಯಲ್ಲಿ ಒಳ್ಳೆಯ ಬ್ಯಾಟರಿ 10ರ ಮೇಲೆಯೇ ನಿಲ್ಲುತ್ತದೆ. ಚಿತ್ರದುರ್ಗ, ಚಳ್ಳಕೆರೆ ಕಡೆಯ ಏಪ್ರಿಲ್ ಬಿಸಿಲು ಬ್ಯಾಟರಿಯ ನೀರು ಕುಡಿದುಬಿಡುತ್ತದೆ. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಪ್ಲೇಟ್ ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಇರಬೇಕು. ಬೋರ್‌ವೆಲ್ ನೀರು ಹಾಕಿದರೆ ಅದರ ಉಪ್ಪಿನಂಶ ಬ್ಯಾಟರಿಯನ್ನು ಕೊಲ್ಲುತ್ತದೆ.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಕರೆಂಟ್ ದಾಟುವುದಿಲ್ಲ. ಮೊದಲು ನೆಗೆಟಿವ್ ಬಿಚ್ಚಿ, ಆಮೇಲೆ ಪಾಸಿಟಿವ್. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ತೊಳೆದು, ಒಣಗಿಸಿ, ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿ. ಜೋಡಿಸುವಾಗ ನೆಗೆಟಿವ್ ಕೊನೆಗೆ. ಗ್ರೀಸ್ ಹಚ್ಚುವುದು ಬಿಗಿ ಮಾಡಿದ ಮೇಲೆ, ಹೊರಗಡೆ ಮಾತ್ರ.

ಹೆಚ್ಚಿನವರು ಮರೆಯುವುದು ಅರ್ತ್ ಪಟ್ಟಿಯನ್ನು. ಎಂಜಿನ್ ಅಥವಾ ಗೇರ್‌ಬಾಕ್ಸ್‌ನಿಂದ ಚಾಸಿಸ್‌ಗೆ ಬರುವ ಆ ಹೆಣೆದ ತಂತಿ ಎರೆಮಣ್ಣಿನ ಕೆಸರು ಮೆತ್ತಿಕೊಂಡು ತುಕ್ಕು ಹಿಡಿಯುತ್ತದೆ. ಬ್ಯಾಟರಿ ಹೊಸದು, ಸೆಲ್ಫ್ ಹೊಸದು, ಆದರೂ ಎಳೆದೆಳೆದು ತಿರುಗುತ್ತದೆ ಎಂದು ದೂರುವ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಪರೀಕ್ಷೆ ಸುಲಭ: ಒಂದು ಜಂಪರ್ ಕೇಬಲ್‌ನ ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ತುದಿ ಎಂಜಿನ್ ಎತ್ತುವ ಕೊಕ್ಕೆಗೆ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ಚುರುಕಾಗಿ ತಿರುಗಿದರೆ ಅರ್ತ್ ಪಟ್ಟಿಯೇ ಅಪರಾಧಿ. ಮೀಟರಿನಲ್ಲಿ ನೋಡುವುದಾದರೆ, ಸೆಲ್ಫ್ ಹೊಡೆಯುವಾಗ ಬ್ಯಾಟರಿ ನೆಗೆಟಿವ್‌ಗೂ ಎಂಜಿನ್ ಬ್ಲಾಕ್‌ಗೂ ನಡುವೆ 0.2 ವೋಲ್ಟ್‌ಗಿಂತ ಹೆಚ್ಚು ತೋರಬಾರದು. ಬ್ಯಾಟರಿ ಪಾಸಿಟಿವ್‌ಗೂ ಸೆಲ್ಫ್‌ನ ದಪ್ಪ ಬೋಲ್ಟಿಗೂ ನಡುವೆ 0.5 ದಾಟಬಾರದು.

ಕಾರ್ಬನ್ ಸವೆದ ಸೆಲ್ಫ್ ಮೋಟಾರಿನ ಮೈಗೆ ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿದರೆ ಒಮ್ಮೊಮ್ಮೆ ತಿರುಗುತ್ತದೆ. ಅಂದು ಊರು ಮುಟ್ಟಿಸುತ್ತದೆ, ಅಷ್ಟೇ. ಮರುದಿನವೇ ಬಿಚ್ಚಿಸಿ ಕಾರ್ಬನ್ ಸೆಟ್ ಹಾಕಿಸಿ. ಸೆಲ್ಫ್ ಕಿರ್ರೆಂದು ಓಡುತ್ತದೆ, ಎಂಜಿನ್ ಮಾತ್ರ ಅಲುಗುವುದಿಲ್ಲ ಎಂದಾದರೆ ಬೆಂಡಿಕ್ಸ್, ಅಂದರೆ ಎಂಜಿನ್ ತಿರುಗಿಸಲು ಸೆಲ್ಫ್ ತುದಿಯಲ್ಲಿರುವ ಸಣ್ಣ ಗೇರ್, ಹಲ್ಲು ಕಚ್ಚುತ್ತಿಲ್ಲ.

ಬೇರೆ ಗಾಡಿಯಿಂದ ಜಂಪ್ ಕೊಡುವಾಗ ಹೆದ್ದಾರಿ 48ರ ಡಾಬಾ ಮುಂದೆ ನಿಂತ ದೊಡ್ಡ ಲಾರಿಯ ಹತ್ತಿರ ಹೋಗಬೇಡಿ. ಲಾರಿಯದು 24 ವೋಲ್ಟ್, ಪಿಕಪ್‌ನದು 12. ತಪ್ಪು ಜೋಡಿಸಿದರೆ ಇಸಿಯು, ಆಲ್ಟರ್ನೇಟರ್ ಎರಡೂ ಹೋಗಬಹುದು. ಊರಲ್ಲಿ ಸುಲಭವಾಗಿ ಸಿಗುವುದು ಟ್ರ್ಯಾಕ್ಟರ್. ಅದರ ಬ್ಯಾಟರಿ 12 ವೋಲ್ಟ್, ಡೀಸೆಲ್ ಎಂಜಿನ್ ತಿರುಗಿಸುವಷ್ಟು ಶಕ್ತಿಯದು. ಕೆಂಪು ಕೇಬಲ್ ಮೊದಲು ಸತ್ತ ಬ್ಯಾಟರಿಯ ಪಾಸಿಟಿವ್‌ಗೆ, ಆಮೇಲೆ ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ನೆಗೆಟಿವ್‌ಗೆ, ಕೊನೆಯ ತುದಿ ನಿಮ್ಮ ಗಾಡಿಯ ಎಂಜಿನ್ ಲೋಹಕ್ಕೆ, ಬ್ಯಾಟರಿಯಿಂದ ದೂರ. ಐದು ನಿಮಿಷ ಬಿಟ್ಟು ಸೆಲ್ಫ್ ಹೊಡೆಯಿರಿ. ತೆಳು ಕೇಬಲ್ ಆದರೆ ಕೇಬಲ್ಲೇ ಕಾಯುತ್ತದೆ, ಎಂಜಿನ್ ತಿರುಗುವುದಿಲ್ಲ.

ಕೈ ತೆಗೆಯಬೇಕಾದ ಎರಡು ಲಕ್ಷಣ

ಎಂಜಿನ್ ಎಂದಿಗಿಂತ ಹಗುರವಾಗಿ, ಗಿರಗಿರನೆ, ಒತ್ತಡವೇ ಇಲ್ಲದಂತೆ ತಿರುಗಿದರೆ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಕಡಿದಿರಬಹುದು. ಮತ್ತೆ ಹೊಡೆದರೆ ವಾಲ್ವ್ ಪಿಸ್ಟನ್‌ಗೆ ಬಡಿಯುತ್ತದೆ. ಇನ್ನೊಂದು, ಮಳೆಯಲ್ಲಿ ರೈಲ್ವೆ ಕೆಳಸೇತುವೆ ಅಥವಾ ಹಳ್ಳ ದಾಟುವಾಗ ನಿಂತ ಗಾಡಿ ಆಮೇಲೆ 'ಟಪ್' ಎಂದು ಅರ್ಧಕ್ಕೇ ತಡೆದು ನಿಂತರೆ ಸಿಲಿಂಡರಿನೊಳಗೆ ನೀರಿದೆ. ನೀರು ಗಾಳಿಯಂತೆ ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಏರ್ ಫಿಲ್ಟರ್ ಡಬ್ಬಿ ತೆರೆದು ಒದ್ದೆ ಇದೆಯೇ ನೋಡಿ, ಇದ್ದರೆ ಟೋ ಮಾಡಿಸಿ. ತಳ್ಳುವುದೂ ಬೇಡ.

ಸೆಲ್ಫ್ ಚೆನ್ನಾಗಿದೆ, ಎಂಜಿನ್ ಹಿಡಿಯುತ್ತಿಲ್ಲ

ಈಗ ಸೈಲೆನ್ಸರ್ ನೋಡಿದವರ ಮಾತು ಮುಖ್ಯ. ಹೊಗೆಯೇ ಇಲ್ಲ ಎಂದರೆ ಡೀಸೆಲ್ ಸಿಲಿಂಡರ್ ಮುಟ್ಟುತ್ತಿಲ್ಲ. ಬಿಳಿ ಹೊಗೆ, ಕಣ್ಣುರಿಸುವ ಹಸಿ ಡೀಸೆಲ್ ವಾಸನೆ ಎಂದರೆ ಡೀಸೆಲ್ ಹೋಗುತ್ತಿದೆ, ಹೊತ್ತಿಕೊಳ್ಳುತ್ತಿಲ್ಲ: ತಿರುಗುವ ವೇಗ ಸಾಲದು, ತಣ್ಣಗಿನ ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ ಸತ್ತಿದೆ, ಕಂಪ್ರೆಷನ್ (ಪಿಸ್ಟನ್ ಗಾಳಿ ಒತ್ತುವ ಬಲ) ಇಲ್ಲ ಅಥವಾ ಪಂಪಿನ ಟೈಮಿಂಗ್ ತಪ್ಪಿದೆ. ಕಪ್ಪು ಹೊಗೆಯಾದರೆ ಗಾಳಿ ಸಾಲುತ್ತಿಲ್ಲ. ಮೆಕ್ಕೆಜೋಳ ಸುಲಿಯುವ ಕಾಲದಲ್ಲಿ, ಮಂಡಕ್ಕಿ ಭಟ್ಟಿಗಳ ಸುತ್ತ ಓಡಾಡುವ ಗಾಡಿಗಳಲ್ಲಿ ಏರ್ ಫಿಲ್ಟರ್ ಹೊಟ್ಟಿನಿಂದ ಮುಚ್ಚಿಹೋಗುತ್ತದೆ. ಫಿಲ್ಟರ್ ತೆಗೆದು ಒಮ್ಮೆ ಸೆಲ್ಫ್ ಹೊಡೆದು ನೋಡಬಹುದು, ಹಾಗೇ ರಸ್ತೆಗಿಳಿಸಬಾರದು.

ನಮ್ಮ ಭಾಗದಲ್ಲಿ ಚಳಿಗೆ ಡೀಸೆಲ್ ಗಟ್ಟಿಯಾಯಿತು ಎನ್ನುವ ಮಾತು ಒಪ್ಪುವಂಥದ್ದಲ್ಲ. ಡೀಸೆಲ್‌ನ ಮೇಣ ಫಿಲ್ಟರ್ ಕಟ್ಟುವಂಥ ಚಳಿ ಉತ್ತರ ಭಾರತದ ಬೆಟ್ಟಸೀಮೆಯದು, ಜಗಳೂರು ಹೊಸದುರ್ಗದ್ದಲ್ಲ. ಇಲ್ಲಿ ಬೆಳಗ್ಗೆ ಮಾತ್ರ ಕಾಡುವ ಗಾಡಿಗೆ ಕಾರಣ ಬಹುಪಾಲು ಮೂರರಲ್ಲೊಂದು: ರಾತ್ರಿ ಪೈಪಿನೊಳಗೆ ಸೇರಿಕೊಂಡ ಏರ್, ಸೋತ ಬ್ಯಾಟರಿ, ಸತ್ತ ಹೀಟರ್ ಪ್ಲಗ್.

ಡೀಸೆಲ್ ದಾರಿ, ಟ್ಯಾಂಕಿನಿಂದ ಹಿಡಿದು

ಮೀಟರ್ ಮುಳ್ಳು ನಂಬಬೇಡಿ. ಫ್ಲೋಟ್ ಸಿಕ್ಕಿಕೊಂಡಿದ್ದರೆ ಖಾಲಿ ಟ್ಯಾಂಕೂ ಕಾಲು ಭಾಗ ತೋರಿಸುತ್ತದೆ. ಡೀಸೆಲ್ ಕಡಿಮೆಯಿದ್ದು ಗಾಡಿ ಒಂದು ಬದಿಗೆ ವಾಲಿದ್ದರೆ ತಳದ ಡೀಸೆಲ್ ಪೈಪಿಗೆ ಸಿಗದಿರಬಹುದು. ಹತ್ತು ಲೀಟರ್ ಹಾಕಿ ಆಮೇಲೆ ಮುಂದಿನ ಮಾತು. ಪೆಟ್ರೋಲ್ ಬಿದ್ದಿದೆ ಎಂಬ ಅನುಮಾನವಿದ್ದರೆ ಕೀ ಆನ್ ಕೂಡ ಮಾಡಬೇಡಿ. ಕಾಮನ್ ರೈಲ್ ಪಂಪಿಗೆ ಡೀಸೆಲ್ಲೇ ಎಣ್ಣೆ, ಪೆಟ್ರೋಲ್ ಆ ಜಿಡ್ಡನ್ನು ತೊಳೆದುಬಿಡುತ್ತದೆ. ಲೋಹದ ಪುಡಿ ನೋಜಲ್ ತನಕ ಹೋದರೆ ದುರಸ್ತಿ ಟ್ಯಾಂಕ್ ತೊಳೆಯುವುದಕ್ಕಿಂತ ಹತ್ತಾರು ಪಟ್ಟು ದುಬಾರಿ.

ಫಿಲ್ಟರ್ ತಳದ ಡ್ರೈನ್ ಸ್ಕ್ರೂ ಸಡಿಲಿಸಿ ಒಂದು ಪಾರದರ್ಶಕ ಬಾಟಲಿಗೆ 200 ಮಿಲಿಲೀಟರ್‌ನಷ್ಟು ಹಿಡಿದು ಹತ್ತು ನಿಮಿಷ ನಿಲ್ಲಿಸಿ. ಡೀಸೆಲ್ ನೀರಿಗಿಂತ ಹಗುರ, ನೀರಿದ್ದರೆ ತಳದಲ್ಲಿ ಗೆರೆ ಕೊರೆದಂತೆ ನಿಲ್ಲುತ್ತದೆ. ಪಂಪ್‌ಸೆಟ್ಟಿಗೆಂದು ಡ್ರಮ್ಮಿನಲ್ಲಿ ಇಟ್ಟ ಡೀಸೆಲ್ ಹಾಕಿಸಿದ ಗಾಡಿಗಳಲ್ಲಿ ಇದು ಸಾಮಾನ್ಯ. ಚೊಕ್ಕ ಡೀಸೆಲ್ ಬರುವ ತನಕ ಹರಿಸಿ. ಮತ್ತೆ ಮತ್ತೆ ನೀರು ಬಂದರೆ ಟ್ಯಾಂಕ್ ಬಿಚ್ಚಬೇಕು.

ಮುಂದೆ ಹ್ಯಾಂಡ್ ಪ್ರೈಮರ್. ಫಿಲ್ಟರ್ ಮೇಲಿನ ಒತ್ತುವ ಗುಂಡಿ ಅಥವಾ ಪೈಪಿನ ನಡುವಿನ ರಬ್ಬರ್ ಬುರುಡೆ, ಇದೊಂದೇ ಅರ್ಧ ಕಥೆ ಹೇಳುತ್ತದೆ. ಒತ್ತುತ್ತಾ ಹೋದಂತೆ ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಟ್ಯಾಂಕಿನ ಕಡೆಯಿಂದ ಏರ್ ಎಳೆಯುತ್ತಿದೆ. ಒತ್ತಿದ ಮೇಲೆ ಮೇಲೇಳದೆ ಚಪ್ಪಟೆಯಾಗೇ ಉಳಿದರೆ ಟ್ಯಾಂಕಿನ ಕಡೆ ಕಟ್ಟಿಕೊಂಡಿದೆ: ಟ್ಯಾಂಕ್ ಒಳಗಿನ ಜಾಲರಿ, ಮಡಚಿದ ಪೈಪ್, ಗಾಳಿ ಆಡದ ಟ್ಯಾಂಕ್ ಮುಚ್ಚಳ. ಮುಚ್ಚಳ ತೆಗೆದಾಗ 'ಸುಸ್' ಎಂದು ಗಾಳಿ ಎಳೆದುಕೊಂಡರೆ ಅಲ್ಲೇ ಉತ್ತರ.

ಏರ್ ತೆಗೆಯುವುದು ಹೀಗೆ. ಫಿಲ್ಟರ್ ತಲೆಯ ಬ್ಲೀಡ್ ಸ್ಕ್ರೂ ಸುತ್ತ ಬಟ್ಟೆ ಸುತ್ತಿ ಎರಡು ಸುತ್ತು ಸಡಿಲಿಸಿ. ಪ್ರೈಮರ್ ಒತ್ತುತ್ತಾ ಇರಿ. ಮೊದಲು ನೊರೆ, ಆಮೇಲೆ ಗುಳ್ಳೆ, ಕೊನೆಗೆ ಗುಳ್ಳೆಯಿಲ್ಲದ ಡೀಸೆಲ್. ಹೊಸ ಫಿಲ್ಟರ್ ಖಾಲಿಯಾಗಿಯೇ ಹಾಕಿದ್ದರೆ ಐವತ್ತು ಅರವತ್ತು ಸಲ ಒತ್ತಬೇಕಾದೀತು, ಬೇಸರಿಸಬೇಡಿ. ಪ್ರೈಮರ್ ಒತ್ತಿ ಹಿಡಿದಿರುವಾಗಲೇ ಸ್ಕ್ರೂ ಬಿಗಿ ಮಾಡಿ, ಬಿಟ್ಟರೆ ಗಾಳಿ ವಾಪಸ್ ಹೋಗುತ್ತದೆ. ಬ್ಲೀಡ್ ಸ್ಕ್ರೂ ಕೆಳಗೆ ತಾಮ್ರದ ವಾಷರ್ ಇದ್ದರೆ ಹಳೆಯದನ್ನೇ ಮತ್ತೆ ಹಾಕುವುದರಿಂದ ಎಷ್ಟೋ ಸಲ ಮರುದಿನವೂ ಇದೇ ಪಾಡು.

ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಯಾದರೆ ಇನ್ನೊಂದು ಹೆಜ್ಜೆ ಇದೆ. ಪಂಪಿನ ಮೇಲಿನ ಬ್ಲೀಡ್ ಸ್ಕ್ರೂನಿಂದಲೂ ಹೀಗೇ ಏರ್ ತೆಗೆದು, ನೋಜಲ್ ತುದಿಯ ಪೈಪ್ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಸೆಲ್ಫ್ ಹೊಡೆಸಿ. ಡೀಸೆಲ್ ಚಿಮ್ಮತೊಡಗಿದ ಕೂಡಲೇ ಒಂದೊಂದಾಗಿ ಬಿಗಿ ಮಾಡಿ. ಕಣ್ಣಿಗೆ ಕನ್ನಡಕ ಇರಲಿ, ಚಿಮ್ಮುವ ಕಡೆ ಕೈ ಬೇಡ.

ಕಾಮನ್ ರೈಲ್ ಗಾಡಿಯಲ್ಲಿ ಈ ಕೆಲಸ ಎಂದೂ ಮಾಡಬೇಡಿ. ಸೆಲ್ಫ್ ಹೊಡೆಯುವಾಗಲೇ ರೈಲಿನಲ್ಲಿ 200 ಬಾರ್ ದಾಟುತ್ತದೆ, ಓಡುವಾಗ ಸಾವಿರಕ್ಕೂ ಮೇಲೆ. ಲಾರಿ ಟೈರಿನ ಗಾಳಿ 8–9 ಬಾರ್ ಎಂದು ನೆನೆದರೆ ಅಂದಾಜಾಗುತ್ತದೆ. ಆ ಸಣ್ಣ ಎಳೆ ಚರ್ಮ ಸೀಳಿ ಒಳಹೊಕ್ಕರೆ ಮೇಲೆ ಕಾಣುವುದು ಸೂಜಿ ಚುಚ್ಚಿದಷ್ಟೇ ಗಾಯ, ಒಳಗೆ ಮಾಂಸ ಕೊಳೆತು ಬೆರಳು ತೆಗೆಯಬೇಕಾಗಬಹುದು. ಹಾಗಾದರೆ ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಈ ಗಾಡಿಗಳಲ್ಲಿ ಫಿಲ್ಟರ್ ತನಕ ಏರ್ ತೆಗೆದು, ಟ್ಯಾಂಕಿನಲ್ಲಿ ಕರೆಂಟ್ ಪಂಪ್ ಇದ್ದರೆ ಕೀ ಆನ್ ಮಾಡಿ ಇಪ್ಪತ್ತು ಸೆಕೆಂಡು ಬಿಟ್ಟು ಆಫ್ ಮಾಡುವುದನ್ನು ಮೂರು ಸಲ ಮಾಡಿ. ಉಳಿದ ಏರನ್ನು ರೈಲ್ ತಾನೇ ರಿಟರ್ನ್ ಪೈಪಿಗೆ ತಳ್ಳುತ್ತದೆ.

ಬೆಳಗ್ಗೆ ಪ್ರೈಮರ್ ಒತ್ತಿದರೆ ಸ್ಟಾರ್ಟ್, ದಿನವಿಡೀ ತಕರಾರಿಲ್ಲ, ಮರುದಿನ ಮತ್ತೆ ಅದೇ. ಇದು ಪಂಪಿನ ದೋಷವಲ್ಲ, ಪಂಪ್ ಬಿಚ್ಚಿಸಲು ಒಪ್ಪಬೇಡಿ. ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ ಎಲ್ಲೋ ಕೂದಲೆಳೆ ಬಿರುಕಿದೆ. ಆ ದಾರಿಯಲ್ಲಿ ಎಳೆತ ಇರುವುದರಿಂದ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ, ಅದಕ್ಕೇ ಕಣ್ಣಿಗೆ ಬೀಳದು. ಫಿಲ್ಟರಿಗೂ ಪಂಪಿಗೂ ನಡುವೆ ಅದೇ ಅಳತೆಯ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ತಾತ್ಕಾಲಿಕವಾಗಿ ಹಾಕಿ ಗುಳ್ಳೆ ನೋಡಿ. ಗುಳ್ಳೆ ಬಂದರೆ ಫಿಲ್ಟರಿನ ಹಿಂದಕ್ಕೆ ಹಾಕಿ ನೋಡಿ. ಅಲ್ಲಿ ಇಲ್ಲದಿದ್ದರೆ ಸೋರುವುದು ಫಿಲ್ಟರ್ ತಲೆ, ಅದರ ರಬ್ಬರ್ ರಿಂಗ್ ಅಥವಾ ಪ್ರೈಮರ್. ಅಲ್ಲೂ ಇದ್ದರೆ ಟ್ಯಾಂಕ್ ಕಡೆಯ ರಬ್ಬರ್ ಪೈಪ್, ಕ್ಲಿಪ್. ಚಾಸಿಸ್ ಪಕ್ಕ ಹಾದುಹೋಗುವ ಪೈಪ್ ಉಜ್ಜಿಕೊಂಡ ಜಾಗ ಬೆರಳಾಡಿಸಿ ನೋಡಿ.

ಮೆಕ್ಯಾನಿಕಲ್ ರೋಟರಿ ಪಂಪಿನ ಮೇಲೆ ಡೀಸೆಲ್ ಬಿಡುವ, ತಡೆಯುವ ಸ್ಟಾಪ್ ಸೊಲೆನಾಯ್ಡ್ ಇರುತ್ತದೆ. ಕೀ ಆನ್ ಮಾಡಿದಾಗ 'ಟುಕ್' ಎನ್ನಬೇಕು. ಅನ್ನದಿದ್ದರೆ ಅದರ ವೈರಿನಲ್ಲಿ 12 ವೋಲ್ಟ್ ಇದೆಯೇ ನೋಡಿ. ಇದ್ದೂ ಅನ್ನದಿದ್ದರೆ ಸೊಲೆನಾಯ್ಡ್ ಹೋಗಿದೆ, ಇಲ್ಲದಿದ್ದರೆ ಫ್ಯೂಸ್ ಅಥವಾ ವೈರ್. ಈ ಸಣ್ಣ ಭಾಗಕ್ಕಾಗಿ ಇಡೀ ಪಂಪ್ ಕ್ಯಾಲಿಬ್ರೇಷನ್‌ಗೆ ಹೋಗುವುದು ಅನ್ಯಾಯ. ಕೈಯಲ್ಲಿ ಎಳೆದು ನಿಲ್ಲಿಸುವ ಕೇಬಲ್ ಇರುವ ಗಾಡಿಯಾದರೆ ಕೇಬಲ್ ಪೂರ್ತಿ ವಾಪಸ್ ಹೋಗಿದೆಯೇ ನೋಡಿ.

ಕಾಮನ್ ರೈಲ್ ಗಾಡಿಯ ಕರೆಂಟ್ ಭಾಗ

ಕೀ ಆನ್ ಮಾಡಿದಾಗ ಚೆಕ್ ಎಂಜಿನ್ ದೀಪ ಉರಿಯಬೇಕು. ಉರಿಯಲೇ ಇಲ್ಲ ಎಂದರೆ ಇಸಿಯುಗೆ ಕರೆಂಟ್ ಇಲ್ಲ. ಮೇನ್ ರಿಲೇ, ಫ್ಯೂಸ್ ನೋಡಿ. ಇಮ್ಮೊಬಿಲೈಜರ್ (ಸರಿಯಾದ ಕೀ ಇಲ್ಲದೆ ಸ್ಟಾರ್ಟ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಯಲ್ಲಿ ಕೀ ಚಿತ್ರದ ದೀಪ ಆರದೆ ಮಿನುಗುತ್ತಿದ್ದರೆ ಇನ್ನೊಂದು ಕೀ ಹಾಕಿ ನೋಡಿ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವೂ ಅಲುಗದಿದ್ದರೆ ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಿ.

ಸ್ಕ್ಯಾನರ್ ಸಿಕ್ಕರೆ ಕೋಡ್ ಓದಿಸಿ: ಪಿ0335 ಕ್ರ್ಯಾಂಕ್ ಸೆನ್ಸರ್, ಪಿ0340 ಕ್ಯಾಮ್ ಸೆನ್ಸರ್, ಪಿ0087 ರೈಲ್ ಒತ್ತಡ ಸಾಲದು. ಕೋಡ್ ಬಂತೆಂದು ಸೆನ್ಸರ್ ಕೊಳ್ಳಲು ಓಡಬೇಡಿ. ಮೊದಲು ಅದರ ವೈರ್ ನೋಡಿ. ಧಾನ್ಯದ ಗೋದಾಮಿನ ಪಕ್ಕ ರಾತ್ರಿ ನಿಲ್ಲುವ ಗಾಡಿಯ ವೈರಿಂಗ್ ಇಲಿಗೆ ಪ್ರಿಯ. ಎಂಜಿನ್ ಮೇಲೆ ಹಿಕ್ಕೆ, ಕಾಳಿನ ಸಿಪ್ಪೆ ಕಂಡರೆ ಕಡಿದ ವೈರ್ ಹುಡುಕಿ. ಸೆಲ್ಫ್ ಹೊಡೆಯುವಾಗ ಸ್ಕ್ಯಾನರ್‌ನಲ್ಲಿ ರೈಲ್ ಒತ್ತಡ ಸುಮಾರು 200 ಬಾರ್ ತಲುಪಬೇಕು, ತಲುಪದಿದ್ದರೆ ಇಸಿಯು ನೋಜಲ್ ತೆರೆಸುವುದಿಲ್ಲ. ಫಿಲ್ಟರ್ ಚೊಕ್ಕವಿದ್ದು, ಏರ್ ಇಲ್ಲದೆಯೂ ಒತ್ತಡ ಏರದಿದ್ದರೆ ಇಂಜೆಕ್ಟರ್‌ಗಳ (ನೋಜಲ್‌ಗಳ) ರಿಟರ್ನ್ ಪೈಪ್ ತೆಗೆದು ಪ್ರತಿಯೊಂದಕ್ಕೂ ಒಂದೊಂದು ಬಾಟಲಿ ಕಟ್ಟಿ ಸೆಲ್ಫ್ ಹೊಡೆಸಿ. ರಿಟರ್ನ್ ಪೈಪಿನಲ್ಲಿ ಒತ್ತಡ ಕಡಿಮೆ, ಈ ಪರೀಕ್ಷೆಯಲ್ಲಿ ರೈಲಿನ ಉಕ್ಕಿನ ಪೈಪ್ ಮುಟ್ಟುವಂತಿಲ್ಲ. ಮೂರು ಬಾಟಲಿಗೆ ಹನಿ ಬಿದ್ದು ಒಂದಕ್ಕೆ ಧಾರೆಯಾಗಿ ಬಂದರೆ ಆ ಇಂಜೆಕ್ಟರ್ ಒಂದೇ ಒತ್ತಡ ಸೋರಿಸುತ್ತಿದೆ. ನಾಲ್ಕನ್ನೂ ಬದಲಿಸಬೇಕೆಂದು ಹೇಳುವ ಮುಂಚೆ ಈ ಬಾಟಲಿಗಳನ್ನು ತೋರಿಸಿ ಎಂದು ಕೇಳುವ ಹಕ್ಕು ಗಾಡಿ ಮಾಲೀಕರಿಗಿದೆ.

ಹೀಟರ್ ಪ್ಲಗ್‌ನ ವೈರ್ ತೆಗೆದು ಪ್ಲಗ್ ತುದಿಗೂ ಎಂಜಿನ್ ಲೋಹಕ್ಕೂ ಮೀಟರಿನಲ್ಲಿ ರೆಸಿಸ್ಟೆನ್ಸ್ ನೋಡಿ. ಸಾಮಾನ್ಯವಾಗಿ 2 ಓಮ್‌ಗಿಂತ ಕಡಿಮೆ ಬರಬೇಕು, ಏನೂ ತೋರದಿದ್ದರೆ ಸುಟ್ಟಿದೆ.

ಪೆಟ್ರೋಲ್ ಬಟ್ಟೆ, ಈಥರ್ ಸ್ಪ್ರೇ ಎರಡೂ ಬೇಡ. ಕೆಂಪಗೆ ಕಾದ ಹೀಟರ್ ಪ್ಲಗ್‌ಗೆ ಆ ಆವಿ ತಾಗಿದರೆ ಪಿಸ್ಟನ್ ಮೇಲೆ ಬರುವ ಮುನ್ನವೇ ಸಿಡಿಯುತ್ತದೆ; ರಿಂಗ್ ಮುರಿದ, ಪಿಸ್ಟನ್ ಒಡೆದ ಎಂಜಿನ್‌ಗಳ ಹಿಂದೆ ಈ ಅಭ್ಯಾಸವಿದೆ. ತಳ್ಳುವುದರ ವಿಷಯ: ಮೆಕ್ಯಾನಿಕಲ್ ಪಂಪಿನ ಗಾಡಿ, ಬ್ಯಾಟರಿ ಮಾತ್ರ ಸೋತಿದ್ದರೆ, ಸಮತಟ್ಟು ಜಾಗದಲ್ಲಿ ಎರಡನೇ ಗೇರಿನಲ್ಲಿ ತಳ್ಳಬಹುದು. ಕಾಮನ್ ರೈಲ್‌ನಲ್ಲಿ ಬ್ಯಾಟರಿ ಪೂರ್ತಿ ಸತ್ತಿದ್ದರೆ ಇಸಿಯು ಏಳುವುದೇ ಇಲ್ಲ, ಹರಿಹರದ ತನಕ ತಳ್ಳಿದರೂ ಅಷ್ಟೇ. ಬಿಎಸ್6 ಹೊಗೆ ನಿಯಮದ ಗಾಡಿಯನ್ನು ತಳ್ಳುತ್ತಾ ಹೋದರೆ ಉರಿಯದ ಡೀಸೆಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್‌ಗೆ ಸೇರಿ ಅದನ್ನು ಹಾಳು ಮಾಡುತ್ತದೆ. ಹೊಗೆ ಶುದ್ಧ ಮಾಡುವ ದ್ರಾವಣದ (ಡೆಫ್) ಟ್ಯಾಂಕ್ ಇರುವ ಗಾಡಿಯಾದರೆ ಅದರ ಎಚ್ಚರಿಕೆ ದೀಪವನ್ನೂ ನೋಡಿ. ಅದಕ್ಕೆ ಹೊಲದ ಯೂರಿಯಾ ಕರಗಿಸಿ ಹಾಕುವಂತಿಲ್ಲ. ಡೆಫ್ ಎಂದರೆ ಶುದ್ಧೀಕರಿಸಿದ 32.5 ಶೇಕಡಾ ಯೂರಿಯಾ ದ್ರಾವಣ, ಗೊಬ್ಬರದ ಕಶ್ಮಲ ಒಳಗೆ ಕಟ್ಟಿಕೊಳ್ಳುತ್ತದೆ.

ಮೆಕ್ಯಾನಿಕ್‌ಗೆ ಫೋನ್ ಮಾಡುವಾಗ 'ಗಾಡಿ ಸ್ಟಾರ್ಟ್ ಆಗ್ತಿಲ್ಲ' ಎಂದಷ್ಟೇ ಹೇಳಿದರೆ ಅವರು ಬರಿಗೈಲಿ ಬಂದು ನೋಡಿ, ಸಾಮಾನಿಗೆ ವಾಪಸ್ ಹೋಗಬೇಕು. 'ಸೆಲ್ಫ್ ಚೆನ್ನಾಗಿ ಹೊಡಿತೈತೆ, ಹತ್ತು ವೋಲ್ಟ್ ನಿಲ್ತೈತೆ, ಹೊಗೆ ಇಲ್ಲ, ಪ್ರೈಮರ್ ಗಟ್ಟಿ ಆಗ್ತಿಲ್ಲ' ಎಂದರೆ ಪೈಪ್, ಕ್ಲಿಪ್, ಫಿಲ್ಟರ್, ತಾಮ್ರದ ವಾಷರ್ ಹಿಡಿದುಕೊಂಡೇ ಬೈಕ್ ಹತ್ತುತ್ತಾರೆ.

ಸ್ಟಾರ್ಟ್ ಆದ ಮೇಲೆ ಕೂಡಲೇ ಲೋಡ್ ಹೊತ್ತು ಹೊರಡಬೇಡಿ. ಹತ್ತು ನಿಮಿಷ ಐಡಲ್‌ನಲ್ಲಿ ಬಿಟ್ಟು, ಬಿಚ್ಚಿದ ಪ್ರತಿ ಸ್ಕ್ರೂ, ಕ್ಲಿಪ್ ಸುತ್ತ ಒಣ ಕಾಗದ ಆಡಿಸಿ; ಒದ್ದೆಯಾದ ಜಾಗ ಮತ್ತೆ ಬಿಗಿ ಮಾಡಿ. ಕಾಮನ್ ರೈಲ್‌ನ ಉಕ್ಕಿನ ಪೈಪುಗಳ ಹತ್ತಿರ ಮಾತ್ರ ಈ ಕಾಗದವೂ ಬೇಡ, ಬೆರಳೂ ಬೇಡ, ಟಾರ್ಚ್ ಬಿಟ್ಟು ದೂರದಿಂದ ನೋಡಿ. ಬ್ಯಾಟರಿಗೆ ಮೀಟರ್ ಹಿಡಿದರೆ 13.8ರಿಂದ 14.5 ವೋಲ್ಟ್ ತೋರಬೇಕು. 12.5ರಲ್ಲೇ ನಿಂತಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಹಾಗೇ ಹೊರಟರೆ ಗಾಡಿ ಇನ್ನೊಮ್ಮೆ ನಿಲ್ಲುವುದು ಹಿರಿಯೂರಿನ ಆಚೆ, ಲೋಡ್ ಸಮೇತ. ಬೆಲ್ಟ್ ಮತ್ತು ಆಲ್ಟರ್ನೇಟರ್ ವೈರ್ ಇಲ್ಲೇ ನೋಡಿಸಿಕೊಂಡು ಹೊರಡಿ.